ಉಳಿದಷ್ಟು ನೋಟಕ್ಕೆ ಒಂದು ಕನ್ನಡಕ

ಬಸವಾಪಟ್ಟಣದಲ್ಲಿರುವ ನನ್ನ ಚಿಕ್ಕಪ್ಪನಿಗೆ ಎದುರು ಕುಳಿತವರ ಮುಖ ಕಾಣುತ್ತದೆ, ಕಾಲ ಬಳಿಯ ಕೊಡ ಕಾಣುವುದಿಲ್ಲ. ಮಗ್ರಿಬ್ ಆಯಿತೆಂದರೆ ಒಬ್ಬರೇ ಅಂಗಳಕ್ಕೂ ಇಳಿಯರು. ಹಗಲು ಪತ್ರಿಕೆ ಓದುವವರಿಗೆ ರಾತ್ರಿ ಕಣ್ಣು ಕಾಣದೆಂದರೆ ಯಾರು ನಂಬಬೇಕು ಎಂದು ಮನೆಯವರು ವರ್ಷಗಟ್ಟಲೆ ಗೊಣಗಿದೆವು. ಹೌದು, ನಾನೂ ಗೊಣಗಿದವನೇ.

ಅವರಿಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಸಾಮಾನ್ಯವಾಗಿ ಇದರಲ್ಲಿ ಮೊದಲು ಇರುಳುಗುರುಡು ಬರುತ್ತದೆ. ಮುಂದೆ ಅಕ್ಷಿಪಟಲದ ಅಂಚು ಸೊರಗುತ್ತಾ ಹೋಗಿ, ಕೊಳವೆಯೊಳಗಿಂದ ನೋಡಿದಂತೆ ನಟ್ಟನಡುವಿನದಷ್ಟೇ ಕಾಣುತ್ತದೆ. ವಂಶವಾಹಿಯಿಂದ ಬರುವ ಈ ಕಾಯಿಲೆಯ ಕೆಲವು ಬಗೆಗಳು ರಕ್ತಸಂಬಂಧದ ಮದುವೆಯಿಂದ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ, ಯಾವ ಧರ್ಮದವರೇ ಆಗಲಿ, ಇದನ್ನು ತಿಳಿದಿರಬೇಕು.

ಪೂರ್ಣ ಕುರುಡಲ್ಲದ, ಮಾಮೂಲಿ ಕನ್ನಡಕದಿಂದ ಸರಿಹೋಗದ ಈ ಸ್ಥಿತಿಗೆ ಮಂದದೃಷ್ಟಿ ಎನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಕುರುಡುತನದಿಂದ ಬೇರೆಯಾಗಿಯೇ ಗುರುತಿಸಿದೆ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಿದ್ದವರೂ ಇದರಲ್ಲಿ ಸೇರುತ್ತಾರೆ.

ಇಂಥವರಿಗಾಗಿ ಈಗ ತಂತ್ರಜ್ಞಾನದ ಕನ್ನಡಕಗಳು ಬಂದಿವೆ. ಒಂದು ಬಗೆಯದು ಕ್ಯಾಮೆರಾದ ಚಿತ್ರವನ್ನು ಹಿಗ್ಗಿಸಿ ಕಣ್ಣೆದುರು ತೋರಿಸುತ್ತದೆ. 1994ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ನಾಸಾ ನೆರವಿನಿಂದ ಇಂಥದೊಂದನ್ನು ಹೊರತಂದಿತ್ತು. ಇನ್ನೊಂದು ಬಗೆ ಮಾತಾಡುವಂಥದು. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್‌ನ 'ಸ್ಮಾರ್ಟ್ ವಿಷನ್' ಕನ್ನಡಕ ಈ ಜಾತಿಯದು. ಮೊಬೈಲಿಗೆ ಜೋಡಿಸಿಕೊಂಡರೆ ಅಚ್ಚಾದ ಅಕ್ಷರ ಓದುತ್ತದೆ, ಎದುರಿನ ವಸ್ತುಗಳ ಹೆಸರು ಹೇಳುತ್ತದೆ, ಪರಿಚಿತ ಮುಖ ಗುರುತಿಸುತ್ತದೆ, ನಡೆಯುವಾಗ ಅಡ್ಡ ಬಂದುದನ್ನು ಎಚ್ಚರಿಸುತ್ತದೆ.

ಇಲ್ಲಿ ದುಡುಕಬಾರದು. ಮಧ್ಯದ ನೋಟ ಮಸುಕಾದ ವೃದ್ಧರಿಗೆ ಹಿಗ್ಗಿಸುವ ಕನ್ನಡಕ ವರದಾನ. ಆದರೆ ಚಿಕ್ಕಪ್ಪನಂಥವರಿಗೆ ಅದು ಉಲ್ಟಾ ಆಗಬಹುದು. ಹಿಗ್ಗಿಸಿದಷ್ಟೂ ಅವರ ಕಿಂಡಿಯೊಳಗೆ ಕಾಣುವುದು ಕಡಿಮೆಯಾಗುತ್ತದಲ್ಲ! ಮಂದದೃಷ್ಟಿ ವಿಭಾಗವಿರುವ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಂಡು, ಹಾಕಿ ನೋಡಿದ ಮೇಲೆಯೇ ಹಣ ಕೊಡಿ. ಕನ್ನಡ, ಉರ್ದು ಎರಡನ್ನೂ ಓದುತ್ತದೆಯೇ, ನಿಮ್ಮ ಮನೆಯಲ್ಲಿ ಇಂಟರ್ನೆಟ್ ಸಿಗುತ್ತದೆಯೇ ಎಂಬುದನ್ನೂ ನೋಡಿ. ಬರೀ ಓದಿಸಿಕೊಳ್ಳುವುದಷ್ಟೇ ಆದರೆ ಆಂಡ್ರಾಯ್ಡ್ ಫೋನಿನ 'ಟಾಕ್‌ಬ್ಯಾಕ್' ಪರದೆಯ ಮೇಲಿನದನ್ನು ಪುಕ್ಕಟೆಯಾಗಿ ಕನ್ನಡದಲ್ಲೇ ಓದುತ್ತದೆ.

ಇಷ್ಟೆಲ್ಲ ವಿವರಿಸಿದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕಾಲ ಬಳಿಯ ಕೊಡ ತೋರಿಸ್ತದೇನಪ್ಪಾ?" ಮುಖದ ಮೇಲಿರುವ ಕ್ಯಾಮೆರಾ ನೇರ ಮುಂದಕ್ಕೆ ನೋಡುತ್ತದೆ, ನೆಲದಲ್ಲಿರುವುದು ತಪ್ಪಿಹೋಗಬಹುದು, ಹಾಗಾಗಿ ಬಿಳಿ ಕೋಲು ಬಿಡುವಂತಿಲ್ಲ ಎಂದೆ. ಚಿಕ್ಕಮ್ಮ ಎದ್ದು ಹೋಗಿ ಹೊಸಿಲ ಬಳಿಯ ಕೊಡಗಳನ್ನೆಲ್ಲ ಗೋಡೆಯ ಕಡೆಗೆ ಸರಿಸಿದರು.