ದವನದ ಎಣ್ಣೆ: ಇಳುವರಿ ಮತ್ತು ಗುಣಮಟ್ಟದ ಲೆಕ್ಕಾಚಾರ

ಚೈತ್ರಮಾಸದ ಹುಣ್ಣಿಮೆಯನ್ನು ಕನ್ನಡ ನಾಡಿನಲ್ಲಿ ದವನದ ಹುಣ್ಣಿಮೆ ಎಂದು ಕರೆಯುವ ರೂಢಿಯಿದೆ. ದೇವರ ಮುಡಿಗೂ ಹೂಮಾಲೆಯ ನಡುವಿಗೂ ಮರುಗದೊಡನೆ ಬರುವ ಈ ಬೂದುಹಸಿರು ಬಣ್ಣದ ಪುಟ್ಟ ಗಿಡವನ್ನು ಅರಿಯದವರು ವಿರಳ. ಆದರೆ ಇದೇ ಗಿಡದಿಂದ ಬಟ್ಟಿ ಇಳಿಸಿದ ಎಣ್ಣೆಯು ಬೆಲೆಯುಳ್ಳ ರಫ್ತು ಸರಕು ಎಂಬುದು ಹಲವು ವರ್ತಕರ ಗಮನಕ್ಕೆ ಬಂದಿಲ್ಲ. ಸಿಹಿಯಾದ, ಹಣ್ಣಿನ ಪರಿಮಳವನ್ನು ಹೋಲುವ ಈ ಎಣ್ಣೆಯನ್ನು ಸುಗಂಧದ್ರವ್ಯಗಳಲ್ಲಿಯೂ, ಕೇಕು ಮೊದಲಾದ ಬೇಕರಿ ತಿನಿಸು, ಪಾನೀಯ ಮತ್ತು ತಂಬಾಕಿನ ಪರಿಮಳಕ್ಕಾಗಿಯೂ ಬಳಸಲಾಗುತ್ತದೆ.

ಆರ್ಟಿಮೀಸಿಯಾ ಪ್ಯಾಲೆನ್ಸ್ ಎಂಬ ಸಸ್ಯಶಾಸ್ತ್ರೀಯ ಹೆಸರಿನ ದವನದ ವಾಣಿಜ್ಯ ಬೇಸಾಯವು ಬಹುತೇಕ ದಕ್ಷಿಣ ಭಾರತಕ್ಕೆ ಸೀಮಿತವಾಗಿದೆ. ಕರ್ನಾಟಕದ ಕೆಂಪುಮಣ್ಣಿನ ಜಿಲ್ಲೆಗಳು ಹಾಗೂ ಅದಕ್ಕೆ ತಾಗಿದ ಆಂಧ್ರ ಮತ್ತು ತಮಿಳುನಾಡಿನ ಪ್ರದೇಶಗಳು ಇದರ ನೆಲೆ. ಸರಕು ಈ ಭಾಗದ್ದೇ ಆದರೂ ಅದರ ಪೂರ್ಣ ಲಾಭ ಈ ಭಾಗದ ಬೆಳೆಗಾರನಿಗೂ ಸಣ್ಣ ಬಟ್ಟಿ ಘಟಕದ ಮಾಲೀಕನಿಗೂ ಸಿಗುವುದು ಅಪರೂಪ. ಇದಕ್ಕೆ ಮಾರುಕಟ್ಟೆಯ ಏರಿಳಿತವೊಂದೇ ಕಾರಣವಲ್ಲ. ಹೊಲದಲ್ಲಿ ಒಂದು ವಾರ, ಬಟ್ಟಿಯಲ್ಲಿ ಎರಡು ಗಂಟೆ ಹೆಚ್ಚುಕಡಿಮೆಯಾದರೂ ಎಣ್ಣೆಯ ತೂಕವಾಗಲಿ, ಗುಣವಾಗಲಿ ಕೈತಪ್ಪುತ್ತದೆ.

ಚಳಿಗಾಲದ ಬೆಳೆ

ದವನವು ಸುಮಾರು ನಾಲ್ಕು ತಿಂಗಳ ಬೆಳೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಸಸಿಮಡಿಯಲ್ಲಿ ಬಿತ್ತಿ, ಐದಾರು ವಾರಗಳ ಸಸಿಯನ್ನು ನಾಟಿ ಮಾಡಿ, ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಯುವುದು ರೂಢಿ. ಚಳಿಗಾಲದ ಬಿಸಿಲು ಮತ್ತು ಬೆಳಗಿನ ಇಬ್ಬನಿ ಈ ಗಿಡಕ್ಕೆ ಹಿತ. ಬೇಸಿಗೆಗೆ ಸರಿದ ಬೆಳೆ ಬೇಗ ಹೂವಿಗೆ ಬಂದು ಸೊಪ್ಪಿನ ತೂಕವನ್ನೂ ಎಣ್ಣೆಯನ್ನೂ ಕಳೆದುಕೊಳ್ಳುತ್ತದೆ. ಹೂವಿನ ಸಮಯದಲ್ಲಿ ಜೋರು ಮಳೆಯಾದರೆ ನಷ್ಟ ಇನ್ನೂ ಹೆಚ್ಚು.

ಹೆಕ್ಟೇರಿಗೆ ಸುಮಾರು ಒಂದೂವರೆ ಕಿಲೋ ಬೀಜ ಸಾಕು. ಆದರೆ ದವನದ ಬೀಜ ಬೇಗನೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದ ಹಂಗಾಮಿನ ಹೊಸ ಬೀಜವನ್ನೇ ಬಳಸಬೇಕೇ ಹೊರತು ಹಳೆಯ ದಾಸ್ತಾನನ್ನು ನಂಬಬಾರದು. ಬೀಜವನ್ನು ಎರಡು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆಯ ಸುಳಿವು ಕಂಡ ಮೇಲೆ ಮರಳಿನೊಡನೆ ಬೆರೆಸಿ ಬಿತ್ತುವುದು ಉತ್ತಮ ಕ್ರಮ. ನೀರು ಬಸಿದುಹೋಗುವ, ಕೊಟ್ಟಿಗೆ ಗೊಬ್ಬರ ಕಂಡ ಹಗುರವಾದ ಕೆಂಪುಮಣ್ಣು ಯೋಗ್ಯ. ನೀರು ನಿಂತ ಮಡಿಯಲ್ಲಿ ಸಸಿಗಳು ಬುಡ ಕೊಳೆತು ಸಾಯುತ್ತವೆ.

ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 7.5 ಸೆಂಟಿಮೀಟರ್ ಅಂತರದ ಒತ್ತಾದ ನಾಟಿಯಿಂದ ಎಕರೆಯ ಇಳುವರಿ ಏರುತ್ತದೆ. ಹೆಕ್ಟೇರಿಗೆ 120 ಕಿಲೋ ಸಾರಜನಕ, ತಲಾ 40 ಕಿಲೋ ರಂಜಕ ಮತ್ತು ಪೊಟ್ಯಾಷ್ ಶಿಫಾರಸಿನಲ್ಲಿದೆ. ಸಾರಜನಕವನ್ನು ಒಂದೇ ಬಾರಿಗೆ ಸುರಿಯದೆ ಕಂತುಗಳಲ್ಲಿ ಕೊಡುವುದು ಮುಖ್ಯ. ಕೊನೆಯ ದಿನಗಳಲ್ಲಿ ಯೂರಿಯಾ ಹಾಕಿ ಗಿಡವನ್ನು ಹಸಿರಾಗಿಟ್ಟರೆ ಗಾಡಿಯ ತೂಕ ಏರಬಹುದು. ಆದರೆ ಆ ತೂಕದಲ್ಲಿ ನೀರು ಮತ್ತು ಕಾಂಡದ ಪಾಲೇ ಹೆಚ್ಚು. ಎಣ್ಣೆಯ ಬಹುಭಾಗ ಇರುವುದು ಹೂತಲೆಗಳಲ್ಲಿ, ನಂತರ ಎಲೆಗಳಲ್ಲಿ. ಕಾಂಡದಲ್ಲಿರುವುದು ಅತ್ಯಲ್ಪ.

ಕಟಾವಿನ ದಿನ

ಉತ್ತಮ ನಿರ್ವಹಣೆಯಲ್ಲಿ ಹೆಕ್ಟೇರಿಗೆ 12ರಿಂದ 15 ಟನ್ ಹಸಿಸೊಪ್ಪು, ಅದರಿಂದ 10ರಿಂದ 15 ಕಿಲೋ ಎಣ್ಣೆ ನಿರೀಕ್ಷಿಸಬಹುದು. ಅಂದರೆ ಒಂದು ಟನ್ ಸೊಪ್ಪಿಗೆ ಒಂದು ಕಿಲೋ ಆಸುಪಾಸು. ಎಕರೆಗೆ ನಾಲ್ಕರಿಂದ ಆರು ಕಿಲೋ. ಇಷ್ಟು ಚಿಕ್ಕ ಪ್ರಮಾಣದಲ್ಲಿ ನೂರಿನ್ನೂರು ಗ್ರಾಂ ವ್ಯತ್ಯಾಸವೂ ಲಾಭ–ನಷ್ಟವನ್ನು ತೀರ್ಮಾನಿಸುತ್ತದೆ. ಎಕರೆಗೆ ಐದು ಕಿಲೋ ಬರಬೇಕಾದಲ್ಲಿ ನಾಲ್ಕು ಕಿಲೋ ಬಂದರೆ, ಪೇಟೆಯ ದರ ಏನೇ ಇರಲಿ, ವರಮಾನದ ಐದನೆಯ ಒಂದು ಪಾಲು ಹೋಯಿತೆಂದೇ ಲೆಕ್ಕ. ಸಸಿ, ಕೂಲಿ, ನೀರು, ಸೌದೆಯ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ.

ಹೊಲದಲ್ಲಿ ಸುಮಾರು ಅರ್ಧದಷ್ಟು ಹೂಗಳು ಅರಳಿದಾಗ ಕಟಾವು ಮಾಡುವುದು ಸಾಮಾನ್ಯ ಶಿಫಾರಸು. ಇದರ ಹಿಂದೆ ರಸಾಯನಶಾಸ್ತ್ರದ ಕಾರಣವಿದೆ. ಎಣ್ಣೆಯ ಮುಖ್ಯ ಅಂಶದ ಹೆಸರು ದವನೋನ್. ಗಿಡದ ಹೆಸರಿನಿಂದಲೇ ಬಂದ ಹೆಸರು ಅದು. ಇದರೊಡನೆ ಲಿನಲೂಲ್, ದವನ ಈಥರ್, ಸಿನಮೇಟುಗಳು ಮೊದಲಾದವು ಇರುತ್ತವೆ. ಹೂತಲೆಗಳು ಹೊರಬಂದ ಹಂತದಿಂದ ಬೀಜ ಕಟ್ಟುವ ಹಂತಕ್ಕೆ ಸಾಗುತ್ತಿದ್ದಂತೆ ದವನೋನ್ ಮತ್ತು ಲಿನಲೂಲ್‌ಗಳ ಪಾಲು ಇಳಿಯುತ್ತದೆ. ಸಿನಮೇಟುಗಳು, ದವನ ಈಥರ್ ಮುಂತಾದವುಗಳ ಪಾಲು ಏರುತ್ತದೆ. ಬಹಳ ಬೇಗ ಕೊಯ್ದರೆ ಎಣ್ಣೆಯ ತೂಕ ಸಾಲದು. ತಡವಾಗಿ ಕೊಯ್ದರೆ ದವನೋನ್ ಪಾಲು ತಗ್ಗಿ, ವಾಸನೆಯ ಸ್ವರೂಪವೇ ಬೇರೆಯಾಗುತ್ತದೆ. ತೂಕ ಮತ್ತು ಗುಣ ಎರಡೂ ಒಪ್ಪುವ ಅವಧಿ ಕೆಲವೇ ದಿನಗಳದ್ದು.

ವ್ಯಾಪಾರದ ತೊಡಕು ಇರುವುದೂ ಇಲ್ಲಿಯೇ. ಹೂಪೇಟೆಗೆ ಬೇಕಾದದ್ದು ಹಸಿರಾದ, ಬಾಡದ ಕಟ್ಟು. ಬಟ್ಟಿಗೆ ಬೇಕಾದದ್ದು ಅರಳಿದ ಹೂ. ಹೂಪೇಟೆಯ ದರಕ್ಕೆ ಕಾದು ಕುಳಿತ ಬೆಳೆಗಾರ, ಅಲ್ಲಿ ದರ ಬಿದ್ದ ಮೇಲೆ ಉಳಿದ ಬೆಳೆಯನ್ನು ಬಟ್ಟಿಗೆ ತಂದರೆ ಆ ವೇಳೆಗೆ ಬೀಜ ಕಟ್ಟಿರುತ್ತದೆ. ಬಟ್ಟಿಯ ಮಾಲೀಕನೂ ಸೊಪ್ಪನ್ನು ತೂಕದ ಮೇಲೆಯೇ ಕೊಂಡರೆ ಸರಿಯಾದ ದಿನ ಕೊಯ್ದವನಿಗೂ ತಡಮಾಡಿದವನಿಗೂ ಒಂದೇ ಬೆಲೆ ಸಿಗುತ್ತದೆ. ಮುಂದಿನ ವರ್ಷ ಇಬ್ಬರೂ ತೂಕಕ್ಕಾಗಿಯೇ ಬೆಳೆಯುತ್ತಾರೆ. ಬಂದ ಎಣ್ಣೆಯ ಆಧಾರದ ಮೇಲೆ ಹಣ ಕೊಡುವ ಕರಾರು ಇಬ್ಬರಿಗೂ ನ್ಯಾಯ ಒದಗಿಸಬಲ್ಲದು.

ಬಟ್ಟಿಯ ಮನೆಯಲ್ಲಿ

ಕೊಯ್ದ ಸೊಪ್ಪನ್ನು ಕೂಡಲೇ ರಾಶಿ ಹಾಕಬಾರದು. ರಾಶಿಯೊಳಗೆ ಕಾವು ಹುಟ್ಟಿ, ಸೊಪ್ಪು ಹುಳಿಬಂದು, ಎಣ್ಣೆಗೆ ಕೆಟ್ಟ ವಾಸನೆ ಸೇರುತ್ತದೆ. ನೆರಳಿನಲ್ಲಿ ತೆಳುವಾಗಿ ಹರಡಿ ಕೆಲವು ದಿನ ಬಾಡಿಸಿದರೆ ನೀರಿನಂಶ ಇಳಿದು, ಅದೇ ಪಾತ್ರೆಗೆ ಹೆಚ್ಚು ಸೊಪ್ಪು ಹಿಡಿಯುತ್ತದೆ, ಸೌದೆಯೂ ಉಳಿಯುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಎಣ್ಣೆ ಗಾಳಿಗೆ ಹೋಗುತ್ತದೆ.

ದವನೋನ್ ಭಾರವಾದ ಅಣು. ಆವಿಯೊಡನೆ ನಿಧಾನವಾಗಿ ಬರುತ್ತದೆ. ಲಿನಲೂಲ್‌ನಂಥ ಹಗುರ ಅಂಶಗಳು ಮೊದಲು ಇಳಿಯುತ್ತವೆ. ಮೊದಲ ಗಂಟೆಗಳಲ್ಲಿ ಎಣ್ಣೆ ಚೆನ್ನಾಗಿ ಬಂದು ಆಮೇಲೆ ತೊಟ್ಟಿಕ್ಕುವಂತಾದಾಗ ಸೌದೆ ಉಳಿಸಲು ಬಟ್ಟಿ ನಿಲ್ಲಿಸಿದರೆ, ಬೆಲೆ ತರುವ ಅಂಶವೇ ಸೊಪ್ಪಿನಲ್ಲಿ ಉಳಿಯುತ್ತದೆ. ಆರರಿಂದ ಎಂಟು ಗಂಟೆ, ಅಗತ್ಯವಿದ್ದರೆ ಅದಕ್ಕೂ ಹೆಚ್ಚು ಹೊತ್ತು ಬಟ್ಟಿ ಇಳಿಸಬೇಕು. ಬೇರೆ ಬೇರೆ ಹೊತ್ತಿನಲ್ಲಿ ಬಂದ ಭಾಗಗಳನ್ನು ಒಟ್ಟುಗೂಡಿಸಿದಾಗಲೇ ಪೂರ್ಣ ಎಣ್ಣೆ.

ತಳದಲ್ಲಿ ನೀರು ಕಾಯಿಸುವ ಹಳೆಯ ಪಾತ್ರೆಗಿಂತ ಪ್ರತ್ಯೇಕ ಬಾಯ್ಲರಿನಿಂದ ಆವಿ ಕೊಡುವ ವ್ಯವಸ್ಥೆ ಮೇಲು. ಸೊಪ್ಪು ತಳ ಹತ್ತುವ ಭಯವಿಲ್ಲ. ಆವಿಯ ಒತ್ತಡ ಹಿಡಿತದಲ್ಲಿರುತ್ತದೆ. ಸೊಪ್ಪನ್ನು ಸಮನಾಗಿ ತುಂಬದಿದ್ದರೆ ಆವಿ ಸಂದು ಹಿಡಿದು ಮೇಲೇರಿ, ಒಂದು ಪಕ್ಕದ ಸೊಪ್ಪು ಹಾಗೆಯೇ ಉಳಿಯುತ್ತದೆ. ಕಂಡೆನ್ಸರಿನಿಂದ ಹೊರಬರುವ ನೀರು ಬಿಸಿಯಾಗಿದ್ದರೆ ಎಣ್ಣೆ ಆವಿಯಾಗಿ ಹೋಗುತ್ತಿದೆಯೆಂದೇ ಅರ್ಥ. ತುಕ್ಕು ಹಿಡಿದ ಕಬ್ಬಿಣ ಎಣ್ಣೆಯ ಬಣ್ಣ ಕೆಡಿಸುವುದರಿಂದ, ಹಣ ಸೀಮಿತವಾಗಿದ್ದಲ್ಲಿ ಕಂಡೆನ್ಸರ್ ಮತ್ತು ಎಣ್ಣೆ ಬೇರ್ಪಡಿಸುವ ಪಾತ್ರೆಯನ್ನಾದರೂ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಬೇಕು.

ಬೇರ್ಪಡಿಸಿದ ಎಣ್ಣೆಯಲ್ಲಿ ನೀರಿನ ಪಸೆ ಉಳಿಯದಂತೆ ನಿರ್ಜಲ ಸೋಡಿಯಂ ಸಲ್ಫೇಟಿನಿಂದ ಒಣಗಿಸಿ, ಸೋಸಿ, ಅಲ್ಯೂಮಿನಿಯಂ ಅಥವಾ ಸ್ಟೀಲ್ ಡಬ್ಬಿಯಲ್ಲಿ ಕಂಠದವರೆಗೆ ತುಂಬಿ, ತಂಪಾದ ಕತ್ತಲೆ ಕೋಣೆಯಲ್ಲಿ ಇಡಬೇಕು. ಅರ್ಧ ತುಂಬಿದ ಡಬ್ಬಿಯೊಳಗಿನ ಗಾಳಿಯೇ ಎಣ್ಣೆಯನ್ನು ಕೆಡಿಸುತ್ತದೆ.

ಕೊಳ್ಳುವವನ ಕಣ್ಣು

ಮೊದಲು ಮೂಗು ಮತ್ತು ಕಣ್ಣುಗಳೇ ಪರೀಕ್ಷಕರಾಗಿದ್ದವು. ಈಗ ಸಾಂದ್ರತೆ, ವಕ್ರೀಭವನ ಸೂಚ್ಯಂಕ, ಬೆಳಕಿನ ತಿರುಗುವಿಕೆಗಳ ಜೊತೆಗೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ವರದಿಯನ್ನೂ ಖರೀದಿದಾರರು ಕೇಳುತ್ತಾರೆ. ಕಲಬೆರಕೆಯಾಗಿ ಸೇರಿದ ಅಗ್ಗದ ದ್ರವವಾಗಲಿ, ಹಳೆಯ ಎಣ್ಣೆಯಾಗಲಿ ಆ ವರದಿಯ ಗೆರೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಮ್ಮೆ ತಿರಸ್ಕೃತವಾದ ಡಬ್ಬಿಯೊಡನೆ ಆ ಖರೀದಿದಾರನೂ ದೂರವಾಗುತ್ತಾನೆ. ಕೊಳ್ಳುವವರ ಸಂಖ್ಯೆಯೇ ಚಿಕ್ಕದಾದ ಈ ವ್ಯಾಪಾರದಲ್ಲಿ ಅದು ಸಣ್ಣ ನಷ್ಟವಲ್ಲ.

ಬೇಡಿಕೆಯ ಮಿತಿಯನ್ನೂ ಮರೆಯುವಂತಿಲ್ಲ. ಒಂದು ವರ್ಷ ದರ ಏರಿದರೆ ಮರುವರ್ಷ ಎಲ್ಲರೂ ದವನ ನೆಡುತ್ತಾರೆ. ನಾಲ್ಕು ತಿಂಗಳ ಬೆಳೆಯಾದ್ದರಿಂದ ಸರಕು ಒಮ್ಮೆಲೇ ಪೇಟೆಗೆ ಬಂದು ದರ ಕುಸಿಯುತ್ತದೆ. ಆದ್ದರಿಂದ ನಾಟಿಗೆ ಮುನ್ನವೇ ಖರೀದಿದಾರನೊಡನೆ ಪ್ರಮಾಣ ಮತ್ತು ದರದ ಮಾತು ಮುಗಿಸುವುದು, ದವನಕ್ಕಾಗಿಯೇ ಬಟ್ಟಿ ಕಟ್ಟದೆ ನಿಂಬೆಹುಲ್ಲು, ಪಾಮರೋಸಾಗಳಿಗೂ ಅದನ್ನು ಬಳಸಿ ವರ್ಷವಿಡೀ ದುಡಿಸುವುದು ವಿವೇಕದ ಮಾರ್ಗ. ಬೇಸಾಯ ಮತ್ತು ಬಟ್ಟಿಯ ತಾಂತ್ರಿಕ ಸಲಹೆಗಾಗಿ ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಬೆಂಗಳೂರು ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.

ಪ್ರತಿ ಬಟ್ಟಿಗೂ ಹೊಲ, ಕಟಾವಿನ ದಿನ, ಬಾಡಿಸಿದ ಅವಧಿ, ಸೊಪ್ಪಿನ ತೂಕ, ಬಟ್ಟಿಯ ಗಂಟೆ, ಎಣ್ಣೆಯ ತೂಕ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟು, ಒಂದು ಸಣ್ಣ ಬಾಟಲಿಯ ಮಾದರಿಯನ್ನು ತೆಗೆದಿಡುವುದಕ್ಕೆ ಖರ್ಚೇನೂ ಇಲ್ಲ. ಎರಡು ಹಂಗಾಮು ಕಳೆದ ಮೇಲೆ ಯಾವ ಹೊಲದಲ್ಲಿ ಯಾವ ವಾರ ಕೊಯ್ದರೆ ಒಳ್ಳೆಯ ಎಣ್ಣೆ ಬರುತ್ತದೆಂಬುದನ್ನು ಆ ಪುಸ್ತಕವೇ ಹೇಳುತ್ತದೆ. ದರದ ಚೌಕಾಶಿಯಲ್ಲಿ ಸಣ್ಣ ಉದ್ದಿಮೆದಾರನ ಕೈಯಲ್ಲಿರುವ ದೊಡ್ಡ ಆಧಾರವೂ ಅದೇ.