ಗ್ಲೋರಾಂತಾಕ್ಕೆ ಕೊಟ್ಟಿಗೆಯ ಬಾಗಿಲಿಂದ

ಪಾತ್ರದಾಟ ಅಂದರೆ ಏನೆಂದು ಹಿಂದಿನ ಅಧ್ಯಾಯದಲ್ಲಿ ನೋಡಿದೆವು. ಮೇಜಿನ ಸುತ್ತ ನಾಲ್ಕೈದು ಮಂದಿ, ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಕತೆ ನಡೆಸಲು ಒಬ್ಬ ಗೇಮ್ ಮಾಸ್ಟರ್, ಅನುಮಾನ ಬಂದ ಕಡೆ ತೀರ್ಪು ಹೇಳಲು ದಾಳ. ಇದರ ನಿಯಮಗಳು ನಾಲ್ಕು ಸಲ ಆಡಿದರೆ ಕೈಗೆ ಹತ್ತುತ್ತವೆ. ಹೊಸಬರು ಕಂಗೆಡುವುದು ಆಟ ನಡೆಯುವ ಲೋಕದ ಮುಂದೆ. ಸಾವಿರಾರು ವರ್ಷದ ಚರಿತ್ರೆ, ನೂರಾರು ದೇವರು, ನಾಲಿಗೆಗೆ ಒಗ್ಗದ ಊರುಗಳು. ಎಲ್ಲಿಂದ ಶುರುಮಾಡಬೇಕು? ಇದಕ್ಕೆ ಗ್ಲೋರಾಂತಾ ಎಂಬ ಲೋಕವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಾನು ಆಡಿದ ಆಟಗಳಲ್ಲಿ ಇಷ್ಟು ಆಳದ ಲೋಕ ಇನ್ನೊಂದಿಲ್ಲ.

ಅಮೆರಿಕದ ಗ್ರೆಗ್ ಸ್ಟಾಫರ್ಡ್ ಇದರ ಪುರಾಣಗಳನ್ನು ಬರೆಯತೊಡಗಿದ್ದು 1966ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಕಾಲೇಜಿನಲ್ಲಿ ಓದುತ್ತಿದ್ದಾಗ. ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂದದ್ದು 1974ರಲ್ಲಿ. ಅಂದರೆ ಇಲ್ಲಿ ಪುರಾಣ ಮೊದಲು ಹುಟ್ಟಿತು, ಆಟ ಆಮೇಲೆ ಬಂತು. 1975ರಲ್ಲಿ ಸ್ಟಾಫರ್ಡ್ ಕೇಯಾಸಿಯಮ್ ಎಂಬ ಪ್ರಕಾಶನ ಕಟ್ಟಿ ಈ ಲೋಕದ ಒಂದು ಯುದ್ಧದ ಬೋರ್ಡ್ ಆಟ ತಂದರು. 1978ರಲ್ಲಿ ಸ್ಟೀವ್ ಪೆರಿನ್ ಮತ್ತು ಗೆಳೆಯರು 'ರೂನ್‌ಕ್ವೆಸ್ಟ್' ಎಂಬ ಪಾತ್ರದಾಟ ರೂಪಿಸಿದರು. 2018ರಲ್ಲಿ ಸ್ಟಾಫರ್ಡ್ ತೀರಿಕೊಂಡರು. ಲೋಕ ಮಾತ್ರ ಇನ್ನೂ ಬೆಳೆಯುತ್ತಿದೆ. 2014ರಲ್ಲಿ ಬಂದ ಅದರ ಕೈಪಿಡಿಯೇ ಎರಡು ದಪ್ಪ ಸಂಪುಟ.

ಆ ಎರಡು ಸಂಪುಟ ಓದಿ ಮುಗಿಸಿದ ಹುರುಪಿನಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಮೊದಲ ಆಟ ಇಟ್ಟೆ. ಭೂಪಟ ಹರಡಿದೆ. ಈ ಭೂಮಿ ಚಪ್ಪಟೆ, ಕಡಲಿನ ಮೇಲೆ ತೇಲುತ್ತದೆ, ಆಕಾಶ ಬೋಗುಣಿಯಂತೆ ಕವುಚಿಕೊಂಡಿದೆ ಎಂದು ವಿವರಿಸಿದೆ. ಚಂದ್ರ ಸಾಮ್ರಾಜ್ಯ 1602ರಲ್ಲಿ ಸಾರ್ಟಾರ್ ಎಂಬ ಗುಡ್ಡಗಾಡು ನಾಡನ್ನು ಗೆದ್ದ ಕತೆ ಹೇಳಿದೆ (ಇದು ಆ ಲೋಕದ ಇಸವಿ). ಒಂದು ಗಂಟೆ ಕಳೆಯಿತು. ಯಾರ ಕೈಗೂ ಇನ್ನೂ ದಾಳ ಹೋಗಿರಲಿಲ್ಲ. ಆಗ ಅತ್ತಿಗೆ ಕೇಳಿದರು: "ಅದೆಲ್ಲ ಇರಲಿ ಕಣಪ್ಪ, ನಮ್ಮನೇಲಿ ಹಸು ಎಷ್ಟಿವೆ?"

ಹಳ್ಳಿಯಲ್ಲಿ ಬೆಳೆದ ಹೆಂಗಸು ಸಹಜವಾಗಿ ಕೇಳಿದ ಪ್ರಶ್ನೆ. ಆದರೆ ಗ್ಲೋರಾಂತಾಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ಇಂದಿಗೂ ನನಗೆ ಸಿಕ್ಕಿಲ್ಲ. ಸಾರ್ಟಾರಿನಲ್ಲಿ ಸಂಪತ್ತು ಎಂದರೆ ದನ. ಒಂದು ಹಸುವಿಗೆ 20 ಬೆಳ್ಳಿ ನಾಣ್ಯ. ಜನ ಕುಲಗಳಾಗಿ ಬದುಕುತ್ತಾರೆ, ಪಕ್ಕದ ಕುಲದ ದನ ಹೊಡೆದುಕೊಂಡು ಬರುವುದು ಅಲ್ಲಿ ಹರೆಯದವರ ಪರಾಕ್ರಮ. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರೂರ ಹೊರಗೆ ನಿಂತ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲು ತುರುಗಾಳಗದಲ್ಲಿ ಸತ್ತವರವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಆ ಕಲ್ಲನ್ನು ನಿಂತು ನೋಡಿದವರಿಗೆ ಸಾರ್ಟಾರಿನ ಹುಡುಗ ಆರು ಹಸುವಿಗಾಗಿ ಯಾಕೆ ಜೀವ ಒಡ್ಡುತ್ತಾನೆ ಎಂಬುದು ಆಗಲೇ ಗೊತ್ತು. ಭೂಪಟ ಮಡಿಚಿಟ್ಟೆ. "ನಿಮ್ಮ ಮನೇಲಿ ಆರು ಹಸು ಅತ್ತಿಗೆ, ಒಂದು ಗಬ್ಬ" ಎಂದೆ. ಆಟ ಅಲ್ಲಿಂದ ಶುರುವಾಯಿತು.

ಇನ್ನೊಂದು ಬಾಗಿಲನ್ನು ಆಟವೇ ತೆರೆದಿಟ್ಟಿದೆ. ರೂನ್‌ಕ್ವೆಸ್ಟಿನ ಈಗಿನ ಆವೃತ್ತಿಯಲ್ಲಿ ಪಾತ್ರ ಕಟ್ಟುವಾಗ ಮೊದಲು ಅಜ್ಜ ಅಥವಾ ಅಜ್ಜಿಯ ಕತೆಗೆ ದಾಳ ಉರುಳಿಸಬೇಕು, ಆಮೇಲೆ ಅಪ್ಪ ಅಥವಾ ಅಮ್ಮನದಕ್ಕೆ, ಕೊನೆಗೆ ನಮ್ಮದಕ್ಕೆ. ಅತ್ತಿಗೆಯ ಪಾತ್ರದ ಅಜ್ಜಿ 1582ರ ಗ್ರಿಜ್ಲಿ ಪೀಕ್ ಕಾಳಗದಲ್ಲಿ ಸತ್ತಳು. ಅದೇ ಕಾಳಗದ ತಾರೀಖನ್ನು ನಾನು ಪಾಠದಂತೆ ಹೇಳಿದಾಗ ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಅತ್ತಿಗೆ "ಯಾರು ಕೊಂದದ್ದು? ನಮ್ಮವರು ಸೇಡು ತೀರಿಸಿಕೊಂಡರಾ?" ಎಂದು ಕೇಳತೊಡಗಿದರು. ಅಜ್ಜಿ ಸತ್ತ ಜಾಗವಾದ ಮೇಲೆ ಆ ಬೆಟ್ಟ ಮರೆಯುವುದುಂಟೆ?

ನಿಯಮಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡೋಣ, ಲೋಕದ ಗುಣ ಅದರಲ್ಲಿದೆ. ಪ್ರತಿ ಕೌಶಲಕ್ಕೂ ನೂರರಲ್ಲಿ ಇಷ್ಟು ಎಂಬ ಅಂಕ. ಈಟಿ ಎಸೆತ 40 ಇದ್ದರೆ, ನೂರರ ದಾಳದಲ್ಲಿ 40 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗುರಿ ತಾಕಿತು. ಗೆದ್ದ ಕೌಶಲದ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು. ಋತು ಮುಗಿದಾಗ ಗುರುತಿರುವುದಕ್ಕೆಲ್ಲ ಮತ್ತೆ ದಾಳ ಹಾಕಬೇಕು, ಈ ಸಲ ಅಂಕಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಕಲಿಕೆ. ಸಣ್ಣಪುಟ್ಟ ಸೇರಿಕೆ ಬಿಟ್ಟರೆ 40 ಇದ್ದವರಿಗೆ ಕಲಿಯುವ ಅವಕಾಶ ನೂರಕ್ಕೆ 60, 90 ಮುಟ್ಟಿದವರಿಗೆ ಬರೀ 10. ಮಾಡಿದ ಕೆಲಸವನ್ನೇ ಕಲಿಯುತ್ತೀರಿ, ಪಳಗಿದಷ್ಟೂ ಕಲಿಕೆ ನಿಧಾನ. ಎಷ್ಟು ಸಾಚಾ ನಿಯಮ! ಏಟು ಕೂಡ ಹಾಗೇ, ತಲೆ, ಎದೆ, ಹೊಟ್ಟೆ, ಎರಡು ಕೈ, ಎರಡು ಕಾಲು ಎಂದು ಜಾಗ ಹಿಡಿದು ಬೀಳುತ್ತದೆ. ಎಡಗಾಲಿಗೆ ಪೆಟ್ಟಾದವನನ್ನು ಹೊತ್ತು ತರಬೇಕು. ಹಾಗಾಗಿ ಈ ಆಟದಲ್ಲಿ ಕತ್ತಿ ಹಿರಿಯುವ ಮೊದಲು ಜನ ಮಾತಾಡಿ ನೋಡುತ್ತಾರೆ.

ದೇವರುಗಳ ಪಟ್ಟಿ ಬಾಯಿಪಾಠ ಬೇಡ. ಮೊದಲಿಗೆ ಬಿರುಗಾಳಿಯ ದೇವ ಓರ್ಲಾಂತ್, ಭೂದೇವಿ ಎರ್ನಾಲ್ಡಾ ಇಬ್ಬರೇ ಸಾಕು, ಜೊತೆಗೆ ಒಂದು ಕತೆ. ಓರ್ಲಾಂತ್ ಸೂರ್ಯಚಕ್ರವರ್ತಿ ಯೆಲ್ಮ್‌ನನ್ನು ಕೊಂದ, ಲೋಕಕ್ಕೆ ಕತ್ತಲೆ ಕವಿಯಿತು, ಕೊನೆಗೆ ಅವನೇ ಸಂಗಡಿಗರೊಡನೆ ಪಾತಾಳಕ್ಕಿಳಿದು ಸೂರ್ಯನನ್ನು ಮರಳಿ ತಂದ. ಓರ್ಲಾಂತನ ಒಕ್ಕಲು ಇದನ್ನು ತಪ್ಪು ತಿದ್ದಿಕೊಂಡ ವೀರನ ಕತೆ ಎನ್ನುತ್ತದೆ, ಯೆಲ್ಮ್‌ನ ಒಕ್ಕಲು ರಾಜದ್ರೋಹ ಎನ್ನುತ್ತದೆ. ಗ್ಲೋರಾಂತಾದಲ್ಲಿ ಎರಡೂ ನಿಜ. ನಿಮ್ಮ ಮೇಜಿನ ಗ್ಲೋರಾಂತಾ ಪುಸ್ತಕದ್ದಕ್ಕಿಂತ ಬೇರೆಯಾಗಿಯೇ ಇರುತ್ತದೆ ಎಂಬುದು ಅದರ ಆಟಗಾರರಲ್ಲಿ ಗಾದೆಯಂತೆ ನಡೆದುಬಂದ ಮಾತು. ತಪ್ಪು ಹೇಳಿಬಿಟ್ಟೇನೆಂದು ಗೇಮ್ ಮಾಸ್ಟರ್ ಹೆದರಬೇಕಿಲ್ಲ.

ಕೊಳ್ಳುವುದಾದರೆ 2021ರ 'ರೂನ್‌ಕ್ವೆಸ್ಟ್ ಸ್ಟಾರ್ಟರ್ ಸೆಟ್' ಮೊದಲು. ಸಿದ್ಧ ಪಾತ್ರಗಳು ಅದರಲ್ಲೇ ಇವೆ, ಒಬ್ಬರೇ ಕೂತು ಆಡಬಹುದಾದ ಸಾಹಸವೂ ಇದೆ. ಹಳೆಯದರಲ್ಲಿ 1978ರ 'ಆಪಲ್ ಲೇನ್' ಈಗಲೂ ಮೆಚ್ಚುಗೆಯದು. ಒಂದು ಪುಟ್ಟ ಹಳ್ಳಿ, ಅಲ್ಲೊಂದು ಗಿರವಿ ಅಂಗಡಿ, ಅದನ್ನು ಒಂದು ರಾತ್ರಿ ಕಾಯುವ ಕೆಲಸ, ಅಷ್ಟೇ. ಎರಡು ಸಂಪುಟದ ಕೈಪಿಡಿ ಆರು ತಿಂಗಳು ಕಪಾಟಿನಲ್ಲೇ ಇರಲಿ.

ನಮ್ಮ ಎರಡನೆಯ ಆಟದಲ್ಲಿ ಆರೂ ಹಸು ರಾತ್ರೋರಾತ್ರಿ ಕಳುವಾದವು. ಹೆಜ್ಜೆ ಹಿಡಿದು ಹಳ್ಳ ದಾಟಿದರೆ ಪಕ್ಕದ ಕುಲದ ಕೊಟ್ಟಿಗೆ. ಹುಡುಗರು ಈಟಿ ಎತ್ತಿದರು. ಅತ್ತಿಗೆ ತಡೆದರು. ಇಲ್ಲಿ ಸ್ವಂತ ಕುಲದೊಳಗೆ ಮದುವೆ ಇಲ್ಲ, ಹೆಣ್ಣು ಕೊಟ್ಟು ತರುವುದು ಹೊರಗಿನಿಂದಲೇ ಎಂದು ನಾನು ಯಾವಾಗಲೋ ಹೇಳಿದ್ದು ಅವರಿಗೆ ನೆನಪಿತ್ತು. "ಹಾಗಾದರೆ ನಮ್ಮ ಚಿಕ್ಕಮ್ಮನ್ನ ಈ ಊರಿಗೇ ಕೊಟ್ಟಿರಬೇಕಲ್ಲ, ಅವರ ಮನೆ ಯಾವುದು?" ಎಂದು ಕೇಳಿದರು. ಚಿಕ್ಕಮ್ಮನ ಯೋಚನೆ ನನಗೆ ಬಂದೇ ಇರಲಿಲ್ಲ. ಆ ಕ್ಷಣಕ್ಕೆ ಅವಳಿಗೊಂದು ಹೆಸರಿಟ್ಟು, ಮೂರನೆಯ ಮನೆ ತೋರಿಸಿ, ಒಲೆಯ ಮೇಲೆ ಗಂಜಿ ಇಟ್ಟೆ. ಐದು ಹಸು ವಾಪಸ್ ಬಂದವು. ಗಬ್ಬದ ಹಸುವನ್ನು ಅತ್ತಿಗೆಯೇ ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ಬಿಟ್ಟು ಬಂದರು, ಕರು ಹಾಕಿದ ಮೇಲೆ ನೋಡಲು ಬರುತ್ತೇನೆಂದು ಹೇಳಿ.

ಆ ರಾತ್ರಿ ಎಲ್ಲರೂ ಹೋದ ಮೇಲೆ ಕಪಾಟಿನಿಂದ ಸಂಪುಟ ತೆಗೆದೆ. ಹುಡುಕಿದ್ದು ಒಂದೇ ಸಂಗತಿ: ಸಾರ್ಟಾರಿನಲ್ಲಿ ಕರು ಹುಟ್ಟುವ ಹೊತ್ತಿಗೆ ಯಾವ ಋತು ಇರುತ್ತದೆ, ಆಗ ಯಾವ ಹಬ್ಬ ಬರುತ್ತದೆ.