ಹಾಲಿನಲ್ಲಿ ಔಷಧಿ ಕೊಟ್ಟ ಆಡುಗಳು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸಿಕ್ಕಿದ ಸೊಪ್ಪನ್ನೆಲ್ಲ ಮೇಯುವ ಆಡು ನಮಗೆ ಹಾಲು ಕೊಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾಕಿದ್ದ ಕೆಲವು ಆಡುಗಳ ಹಾಲಿನಲ್ಲಿ ಒಂದು ವಿಶೇಷವಿತ್ತು. ಮನುಷ್ಯರ ರಕ್ತದಲ್ಲಿರುವ ಒಂದು ಪ್ರೋಟೀನ್ ಆ ಹಾಲಿನಲ್ಲಿತ್ತು! ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಔಷಧಿ ತಯಾರಿಸಿದರು. ಮನುಷ್ಯರ ಪ್ರೋಟೀನ್ ಆಡಿನ ಹಾಲಿಗೆ ಹೇಗೆ ಬಂತು? ಬನ್ನಿ, ತಿಳಿಯೋಣ.

ಈ ಔಷಧಿ ಯಾರಿಗೆ ಬೇಕು?

ಆಟವಾಡುವಾಗ ಬಿದ್ದು ಮಂಡಿ ತರಚಿದರೆ ರಕ್ತ ಬರುತ್ತದೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಇದು ಒಳ್ಳೆಯದೇ. ಆದರೆ ಗಾಯವಿಲ್ಲದಿದ್ದರೂ ರಕ್ತನಾಳದ ಒಳಗೇ ರಕ್ತ ಹೆಪ್ಪುಗಟ್ಟಿದರೆ ಅಪಾಯ. ಹಾಗಾಗದಂತೆ ತಡೆಯುವ ಪ್ರೋಟೀನ್‌ಗಳಲ್ಲಿ ಆಂಟಿಥ್ರಾಂಬಿನ್ ಒಂದು. ಅದನ್ನು ನಮ್ಮ ಯಕೃತ್ತು ತಯಾರಿಸುತ್ತದೆ.

ಕೆಲವರಿಗೆ ಹುಟ್ಟಿನಿಂದಲೇ ಇದರ ಕೊರತೆ ಇರುತ್ತದೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ತಾಯಂದಿರಿಗೆ ಹೆರಿಗೆಯ ಸಮಯದಲ್ಲಿ, ಅಪಾಯ ಇನ್ನೂ ಹೆಚ್ಚು. ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣವೇ ಹೋಗಬಹುದು. ಅಂಥವರಿಗೆ ಆಂಟಿಥ್ರಾಂಬಿನ್ ಕೊಡಬೇಕು. ದಾನಿಗಳ ರಕ್ತದಿಂದ ಅದನ್ನು ಬೇರ್ಪಡಿಸಬಹುದು. ಆದರೆ ಒಬ್ಬ ದಾನಿಯ ರಕ್ತದಿಂದ ಸಿಗುವುದು ತೀರ ಸ್ವಲ್ಪ.

ಎಲ್ಲ ಜೀವಿಗಳಿಗೂ ಒಂದೇ ಬರಹ

ಪ್ರತಿಯೊಂದು ಪ್ರೋಟೀನನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆ ಜೀವಕೋಶದ ಡಿಎನ್‌ಎಯಲ್ಲಿ ಇರುತ್ತದೆ. ಇಂಥ ಒಂದೊಂದು ಸೂಚನೆಯೂ ಒಂದೊಂದು ವಂಶವಾಹಿ. ಇದನ್ನೇ ಜೀನ್ ಎನ್ನುತ್ತೇವೆ. ಈ ಸೂಚನೆಗಳ ಬರಹ ಮನುಷ್ಯನಲ್ಲೂ ಆಡಿನಲ್ಲೂ ಬ್ಯಾಕ್ಟೀರಿಯದಲ್ಲೂ ಒಂದೇ ಬಗೆಯದು. ಆದ್ದರಿಂದ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದು ಜೀವಿಯ ಕೋಶ ಓದಬಲ್ಲದು. ಹೀಗೆ ಬೇರೆ ಜೀವಿಯ ವಂಶವಾಹಿಯನ್ನು ಸೇರಿಸಿ ಪಡೆದ ಪ್ರಾಣಿಯೇ ಕುಲಾಂತರಿ ಪ್ರಾಣಿ. ನಮ್ಮ ರೈತರು ಬೆಳೆಯುವ ಬಿಟಿ ಹತ್ತಿ ಕುಲಾಂತರಿ ಸಸ್ಯಕ್ಕೆ ಉದಾಹರಣೆ.

ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ ಅನ್ನು ಬ್ಯಾಕ್ಟೀರಿಯಗಳಿಂದಲೇ ತಯಾರಿಸುತ್ತಾರೆ. ಆಂಟಿಥ್ರಾಂಬಿನ್‌ಗೆ ಮಾತ್ರ ಸಕ್ಕರೆ ಅಣುಗಳ ಸರಪಳಿಗಳು ಅಂಟಿಕೊಂಡಿರಬೇಕು. ಆ ಕೆಲಸ ಸಾಮಾನ್ಯ ಬ್ಯಾಕ್ಟೀರಿಯಕ್ಕೆ ಬಾರದು, ಸಸ್ತನಿಯ ಕೋಶಕ್ಕೆ ಬರುತ್ತದೆ. ಸಸ್ತನಿಯ ಕೆಚ್ಚಲಂತೂ ದಿನವೂ ಪ್ರೋಟೀನ್ ತಯಾರಿಸುವ ಕಾರ್ಖಾನೆಯೇ. ಆದ್ದರಿಂದಲೇ ವಿಜ್ಞಾನಿಗಳು ಆಡನ್ನು ಆರಿಸಿಕೊಂಡರು.

ತಯಾರಿಸಿದ್ದು ಹೇಗೆ?

ನಿಮ್ಮ ಶಾಲೆಯ ಎಲ್ಲ ಕೋಣೆಗಳಿಗೂ ವಿದ್ಯುತ್ ತಂತಿ ಹೋಗಿರುತ್ತದೆ. ಆದರೆ ಸ್ವಿಚ್ ಹಾಕಿದ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತದೆ. ವಂಶವಾಹಿಗಳಿಗೂ ಇಂಥ ಸ್ವಿಚ್ ಉಂಟು. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನ ಸ್ವಿಚ್ ಕೆಲಸ ಮಾಡುವುದು ಕೆಚ್ಚಲಿನಲ್ಲಿ. ವಿಜ್ಞಾನಿಗಳು ಆಡಿನ ಈ ಸ್ವಿಚ್ ಭಾಗವನ್ನು ಮನುಷ್ಯರ ಆಂಟಿಥ್ರಾಂಬಿನ್ ವಂಶವಾಹಿಗೆ ಜೋಡಿಸಿದರು.

ಅನಂತರ ಆಗತಾನೇ ಫಲಿತವಾದ ಆಡಿನ ಅಂಡಾಣುವನ್ನು ತೆಗೆದುಕೊಂಡರು. ಅದರ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕೂದಲಿಗಿಂತ ಸಪೂರವಾದ ಗಾಜಿನ ಸೂಜಿಯಿಂದ ಜೋಡಿಸಿದ ಡಿಎನ್‌ಎಯನ್ನು ಅದರೊಳಗೆ ಚುಚ್ಚಿದರು. ಆ ಭ್ರೂಣವನ್ನು ಇನ್ನೊಂದು ಹೆಣ್ಣು ಆಡಿನ ಗರ್ಭಕೋಶದಲ್ಲಿ ಇಟ್ಟರು. ಸುಮಾರು ಐದು ತಿಂಗಳಿಗೆ ಅದು ಈಯಿತು. ಮರಿಗೆ ಹೊಸ ವಂಶವಾಹಿ ಬಂದಿದೆಯೇ ಎಂದು ಪರೀಕ್ಷಿಸಿದರು. ಬಂದಿದ್ದರೆ ಅದು ಬೆಳೆದು, ತಾನೂ ಈದು ಹಾಲು ಕೊಡುವವರೆಗೆ ಕಾಯಬೇಕು. ಗಂಡು ಮರಿಯಾದರೂ ಉಪಯೋಗವಿದೆ. ಅದಕ್ಕೆ ಹುಟ್ಟುವ ಹೆಣ್ಣು ಮರಿಗಳಿಗೆ ಆ ವಂಶವಾಹಿ ಬರಬಹುದು.

ಹಾಗಾದರೆ ರೋಗಿಗಳು ಆ ಹಾಲನ್ನು ಕುಡಿದರೆ ಸಾಕೇ? ಸಾಲದು. ಕುಡಿದರೆ ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಹಾಲಿನಿಂದ ಅದನ್ನು ಬೇರ್ಪಡಿಸಿ, ಶುದ್ಧಮಾಡಿ, ರಕ್ತನಾಳಕ್ಕೇ ಕೊಡಬೇಕು. ಈ ಔಷಧಿಗೆ ಎಟ್ರಿನ್ ಎಂದು ಹೆಸರಿಟ್ಟರು. 2006ರಲ್ಲಿ ಯುರೋಪ್, 2009ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಕುಲಾಂತರಿ ಪ್ರಾಣಿಯಿಂದ ಪಡೆದು ಒಪ್ಪಿಗೆ ಗಳಿಸಿದ ಮೊದಲ ಔಷಧಿ ಇದು. ಒಂದು ಆಡು ಒಂದು ವರ್ಷದಲ್ಲಿ ಕೊಡುವಷ್ಟು ಆಂಟಿಥ್ರಾಂಬಿನ್ ಪಡೆಯಲು ಸುಮಾರು 90,000 ಸಲ ರಕ್ತದಾನ ಆಗಬೇಕು ಎಂದು ತಯಾರಕರು ಲೆಕ್ಕ ಕೊಟ್ಟಿದ್ದರು. ಮುಂದೆ ಎಟ್ರಿನ್ ಮಾರಾಟ ನಿಂತುಹೋಯಿತು. ಆದರೆ ಅದು ತೋರಿಸಿದ ದಾರಿ ಮುಚ್ಚಲಿಲ್ಲ. 2015ರಲ್ಲಿ ಕುಲಾಂತರಿ ಕೋಳಿಯ ಮೊಟ್ಟೆಯ ಬಿಳಿಭಾಗದಿಂದ ಪಡೆದ ಇನ್ನೊಂದು ಔಷಧಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನಾಣ್ಯದ ಇನ್ನೊಂದು ಮುಖ

ಇದು ಸುಲಭದ ಕೆಲಸವಲ್ಲ. 1982ರಲ್ಲಿ ಪಾಮಿಟರ್, ಬ್ರಿನ್‌ಸ್ಟರ್ ಮತ್ತು ಸಂಗಡಿಗರು ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯನ್ನು ಇಲಿಗಳ ಅಂಡಾಣುಗಳಿಗೆ ಸೇರಿಸಿದರು. ಬೆಳೆದ 21 ಇಲಿಗಳಲ್ಲಿ ಹೊಸ ವಂಶವಾಹಿ ಇದ್ದದ್ದು 7ರಲ್ಲಿ ಮಾತ್ರ. ಅವುಗಳಲ್ಲಿ 6 ಇಲಿಗಳು ಒಡಹುಟ್ಟಿದವುಗಳಿಗಿಂತ ಬಹಳ ದೊಡ್ಡದಾಗಿ ಬೆಳೆದವು.

ಇದೇ ಬಗೆಯ ಪ್ರಯೋಗವನ್ನು ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಹಂದಿಗಳ ಮೇಲೂ ಮಾಡಿದರು. ಹಂದಿಗಳ ಮೈಯಲ್ಲಿ ಕೊಬ್ಬು ಕಡಿಮೆಯಾಯಿತು, ನಿಜ. ಆದರೆ ಅವುಗಳಿಗೆ ಕೀಲುನೋವು, ಜಠರದ ಹುಣ್ಣು ಬಂದವು. ಹಾರ್ಮೋನ್ ಮೈಯೆಲ್ಲ ಹರಿದಾಡಿದ್ದರಿಂದ ಹೀಗಾಯಿತು. ಆಡುಗಳ ವಿಷಯದಲ್ಲಿ ಹೊಸ ಪ್ರೋಟೀನ್ ಹಾಲಿನಲ್ಲಿ ಹೊರಬರುವಂತೆ ಸ್ವಿಚ್ ಆರಿಸಿದ್ದು ಏಕೆ ಮುಖ್ಯ ಎಂದು ಈಗ ತಿಳಿಯಿತಲ್ಲವೇ?

ಪ್ರಾಣಿಗೆ ಮಾತು ಬಾರದು. ನೋವಾದರೆ ಅದು ದೂರು ಕೊಡಲಾರದು. ಆದ್ದರಿಂದ ಇಂಥ ಪ್ರತಿಯೊಂದು ಪ್ರಯೋಗಕ್ಕೂ ಮೊದಲು ಎರಡು ಪ್ರಶ್ನೆ ಕೇಳಬೇಕು. ಇದರಿಂದ ಯಾರ ಜೀವ ಉಳಿಯುತ್ತದೆ? ಇದಕ್ಕಾಗಿ ಪ್ರಾಣಿ ಎಷ್ಟು ನೋವು ತಿನ್ನಬೇಕು?

ನೀವೇ ಯೋಚಿಸಿ: ತರಗತಿಯಲ್ಲಿ ಮೂರು ಗುಂಪು ಮಾಡಿಕೊಳ್ಳಿ. ಒಂದು ಗುಂಪು ಔಷಧಿ ಬೇಕಾದ ತಾಯಿಯ ಪರವಾಗಿ, ಇನ್ನೊಂದು ವಿಜ್ಞಾನಿಯ ಪರವಾಗಿ, ಮತ್ತೊಂದು ಆಡಿನ ಪರವಾಗಿ ಮಾತನಾಡಲಿ. ಮೂವರೂ ಒಪ್ಪುವ ಒಂದು ನಿಯಮವನ್ನು ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.